ಕೂಗಿದ್ದೆ, ಮಾರ್ಲಾ

ಬೇಡ, ಏಳ್ಬೇಡ, ಕೂತ್ಕೋ. ಕಾಫಿ ಗೀಫಿ ಏನೂ ಬೇಡ. ನಮ್ಮಾಕೆ ಕೋಳಿ ಹಾಕಿ ಏನೋ ಬೇಯಿಸಿ ಕೊಟ್ಟಿದಾಳೆ, ಇಲ್ಲಿಟ್ಟಿರ್ತೀನಿ... ಬಿಸಿ ಮಾಡ್ಕೊಂಡು ತಿನ್ನು. ಅವಳೇ ಬರೋಳು. ನಿನ್ನ ಮುಖ ನೋಡೋ ಧೈರ್ಯ ಸಾಲ್ದೆ ಕಾರಲ್ಲೇ ಕೂತಿದಾಳೆ.

ಯಾಕೆ ಹಂಗೆ ನನ್ನ ಸೊಂಟ ನೋಡ್ತೀಯಾ? ಪಿಸ್ತೂಲು ತಂದಿಲ್ಲಮ್ಮಾ. ಶೆರಿಫ್ ಕಡೆ ಪೊಲೀಸರು ತಗೊಂಡು ಹೋಗಿದಾರೆ. ಇಷ್ಟು ವರ್ಷ ಅಂಗಿ ಕೆಳಗೆ ಅದಿಲ್ದೆ ಮನೆ ಬಿಟ್ಟೋನಲ್ಲ ನಾನು. ಈಗ ನಡೆಯೋಕೂ ಒಂಥರಾ ಆಗುತ್ತೆ.

ನಿನ್ನ ಗಂಡನ್ನ ಕೊಂದಿದ್ದು ನಾನೇ. ಇಲ್ಲ ಅಂತೀನಾ? ಆದ್ರೆ ಹೆಂಗಾಯ್ತು ಅಂತ ನನ್ನ ಬಾಯಿಂದ ಕೇಳು. ಔಷಧಿ ಅಂಗಡಿ ಬಾಗಿಲು ತಳ್ಳಿದೆ. ಒಬ್ಬ ನೆಲದ ಮೇಲೆ ಬೋರಲು ಬಿದ್ದಿದಾನೆ. ಇನ್ನೊಬ್ಬ ಅವನಿಗೆ ಪಿಸ್ತೂಲು ಗುರಿಯಿಟ್ಟು ನಿಂತಿದಾನೆ, ಬೆನ್ನು ನನ್ನ ಕಡೆಗೆ. ನೀನಾಗಿದ್ರೆ ಏನಂದ್ಕೊಳ್ತಿದ್ದೆ? ಬಿದ್ದೋನು ಕಳ್ಳ, ನಿಂತೋನು ಟ್ರಾವಿಸ್, ಆಗ್ಲೇ ಕಳ್ಳನ್ನ ಕೆಡವಿದಾನೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?

ನಗ್ತಿದೀಯಾ? ...ಇಲ್ಲ, ಅಳ್ತಿದೀಯಾ. ಅಳು, ಅಳು.

ಅವನಿಗೆ ಪಿಸ್ತೂಲು ಹಿಡಿಯೋದು ಕಲಿಸಿದ್ದೇ ನಾನು. ಪಿಸ್ತೂಲು ಲೈಸೆನ್ಸ್ ಬೇಕು ಅನ್ನೋರಿಗೆ ನಾನು ಮಾಡ್ತಿದ್ದ ಕ್ಲಾಸಲ್ಲಿ ಮುಂದೇನೇ ಕೂರ್ತಿದ್ದ. "ಹಾರ್ಲನ್, ಕಳ್ಳನ್ನ ಹಿಡಿದು ನಿಂತಿರೋವಾಗ ಇನ್ನೊಬ್ಬ ಬಂದು ನಮ್ಮನ್ನೇ ಕಳ್ಳ ಅಂದ್ಕೊಂಡ್ರೆ?" ಅಂತ ಒಂದಿನ ಕೇಳ್ದ. ಎಲ್ರೂ ನಕ್ಕರು. ನಾನೂ ನಕ್ಕೆ. "ಮೊದಲು ಕೂಗ್ತಾರೆ ಕಣೋ, 'ಕೆಳಗಿಡು' ಅಂತ. ಇಟ್ಬಿಡು, ಅಷ್ಟೇ" ಅಂದೆ.

ಕೂಗಿದ್ದೆ, ಮಾರ್ಲಾ. ಗಂಟಲು ಹರಿಯೋ ಹಾಗೆ ಕೂಗಿದ್ದೆ. ಅವನು ಇಡ್ಲಿಲ್ಲ, ಹಿಡ್ಕೊಂಡೇ ನನ್ನ ಕಡೆ ತಿರುಗಿದ. ನಾನೇನ್ ಮಾಡ್ಲಿ? ಶೆರಿಫ್‌ಗೂ ಇದನ್ನೇ ಹೇಳಿದೀನಿ. ಅಂಗಡಿ ಹುಡುಗಿ ಕೌಂಟರ್ ಕೆಳಗೆ ಕಿವಿ ಮುಚ್ಕೊಂಡು ಕೂತಿದ್ಲಂತೆ. ಯಾರೂ ಕೂಗ್ಲಿಲ್ಲ ಅಂತ ಆ ಕಳ್ಳ ಹೇಳ್ತಾನಂತೆ... ಕಳ್ಳನ ಮಾತನ್ನ ಯಾರು ನಂಬ್ತಾರೆ, ಹೇಳು? ನಾಳೆ ನಿನ್ನನ್ನೂ ವಿಚಾರಿಸ್ತಾರೆ. ಹಾರ್ಲನ್ ಸುಳ್ಳು ಹೇಳೋನಲ್ಲ ಅಂತ ಒಂದು ಮಾತು ಅಂದ್ಬಿಡಮ್ಮಾ. ಈ ವಯಸ್ಸಲ್ಲಿ ಜೈಲಿಗೆ ಹೋದ್ರೆ ನಾನು ಹೊರಗೆ ಬರಲ್ಲ.

ಯಾಕೆ ಫೋನ್ ನನ್ನ ಮುಂದೆ ತಳ್ತಿದೀಯಾ? ಏನಿದು... ಟ್ರಾವಿಸ್ ಹೆಸರು. ಅವತ್ತಿಂದು. ಅಂಗಡಿಯಿಂದ ನಿಂಗೆ ಫೋನ್ ಮಾಡಿದ್ನಾ? ಕಳ್ಳನ್ನ ಕೆಡವಿದ ಮೇಲಾ? ಹೆದರ್ಬೇಡ, ನಂಗೇನೂ ಆಗಿಲ್ಲ ಅಂತ ಹೇಳೋಕಾ?

ಹೇಳಿ ಫೋನ್ ಇಟ್ಬಿಟ್ಟ ತಾನೇ?

...ಇಡ್ಲಿಲ್ವಾ.

ಅವನ ಎಡಗೈಲಿ ಫೋನ್ ಇದ್ದಿದ್ದು ನಂಗೆ ಕಾಣ್ಲೇ ಇಲ್ಲ, ಮಾರ್ಲಾ. ಆಣೆಗೂ ಕಾಣ್ಲಿಲ್ಲ. ಹಾಗಾದ್ರೆ ನೀನು... ಎಲ್ಲಾ ಕೇಳಿಸ್ಕೊಂಡಿದೀಯಾ. ನಾನು ಬಾಗಿಲು ತಳ್ಳಿದ್ದು, ಗುಂಡಿನ ಸದ್ದು. ಎರಡರ ನಡುವೆ ನನ್ನ ದನಿ ಕೇಳಿರ್ಬೇಕಲ್ಲ? ಕೇಳಿರ್ಲೇಬೇಕು. ಒಂದ್ಸಲ ಹೂಂ ಅನ್ನು.

ಮಾರ್ಲಾ?

ಏನಾದ್ರೂ ಅನ್ನಮ್ಮಾ. ಬೈಯಿ, ಎದ್ದು ಹೊಡಿ. ಹಿಂಗೆ ಸುಮ್ನೆ ಮಾತ್ರ ಕೂರ್ಬೇಡ.