ಪರಿಮಳಾ ಮೇಡಂ ಮತ್ತು ಭಾನುವಾರದ ಕಚ್ಚಾ ದಾರಿಗಳು

ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಶಾಲೆಯ ಬಳಗಕ್ಕೆ, ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯಿಂದ ಬಂದು ಸೇರಿರುವ ಎಲ್ಲರಿಗೂ ಶರಣು, ಜೈ ಭೀಮ್, ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅರುಣಕುಮಾರ ಅವರೇ, ತಾಯಿ ಲಾಲಮ್ಮನವರೇ — ನಿಮ್ಮ ಎದುರಿಗೆ ನಿಂತು ಈ ಮಾತು ಆಡಬೇಕಾಗಿ ಬರುತ್ತದೆ ಅಂದುಕೊಂಡಿರಲಿಲ್ಲ.

ನಾನು ಭೀಮಾಶಂಕರ. ಪರಿಮಳಾ ಮೇಡಂ ಸಮಾಜ ವಿಜ್ಞಾನ ಕಲಿಸುತ್ತಿದ್ದ ಶಾಲೆಯಲ್ಲೇ ಗಣಿತ ಕಲಿಸುತ್ತೇನೆ. ಕಳೆದ ವಾರ ಬೆಳಗಿನ ನಿದ್ದೆಯಲ್ಲೇ ಅವರು ಹೋದರು. ಶಾಲೆಯಲ್ಲಿ ಅವರು ಹೇಗಿದ್ದರು ಅನ್ನುವುದನ್ನು ನಮ್ಮ ಮುಖ್ಯೋಪಾಧ್ಯಾಯರು ಈಗಷ್ಟೇ ಚೆನ್ನಾಗಿ ಹೇಳಿದ್ದಾರೆ. ನಾನು ಅವರ ಭಾನುವಾರಗಳನ್ನು ಮಾತ್ರ ಹೇಳುತ್ತೇನೆ.

ಇಲ್ಲಿರುವ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮದೊಂದು ಪಿಕಪ್ ಗಾಡಿಗಳ ಗುಂಪು ಇದೆ. ವಾರವಿಡೀ ಹತ್ತಿ, ಗೊಬ್ಬರ, ಸಿಮೆಂಟು ಹೊರುವ ಗಾಡಿಗಳು ಭಾನುವಾರ ಬೆಳಗ್ಗೆ ಡಾಂಬರು ಬಿಟ್ಟು ಇಳಿಯುತ್ತವೆ. ಗುಡ್ಡದ ದಾರಿ, ಹಳ್ಳದ ದಾರಿ, ಕುರಿ ನಡೆದ ದಾರಿ — ಎಲ್ಲಿಗೆ ಅಂತ ಕೇಳಬೇಡಿ. ಎಲ್ಲಿಗೂ ಅಲ್ಲ. ಬಿಸಿಲೇರುವವರೆಗೆ ಓಡಿಸುವುದು, ಬುತ್ತಿ ಬಿಚ್ಚಿ ಊಟ ಮಾಡುವುದು, ಮನೆಗೆ ಬರುವುದು.

ಮೇಡಂ ಅವರ ಗಾಡಿ ಅವರ ತಾಯಿ ಲಾಲಮ್ಮನವರ ಹೊಲದ ಮೆಣಸಿನಕಾಯಿ ಹೊರುವ ಗಾಡಿ. ಅದರ ಹಿಂದೆ ಹೋದವರೆಲ್ಲ ಸೀನುತ್ತಲೇ ಹೋಗಬೇಕು. (ನಗ್ರಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.) ಆದರೂ ಎಲ್ಲರಿಗಿಂತ ಮುಂದೆ ಅವರದೇ ಗಾಡಿ. ಗುಡ್ಡದ ದಾರಿಯಲ್ಲಿ ಕಲ್ಲು ಅಡ್ಡ ಬಂದರೆ ನಾವು ಗೇರು ಹಾಕುತ್ತಿದ್ದೆವು, ಅವರು ಇಳಿಯುತ್ತಿದ್ದರು. ಆ ಕಲ್ಲಿನ ಸುತ್ತ ನಡೆದು, ಹೀಗೆ ಕೈಯಿಟ್ಟು, ದನದ ಮೈ ಸವರಿದ ಹಾಗೆ ಸವರಿ, ಆಮೇಲೆ ಗಾಡಿ ಹತ್ತುತ್ತಿದ್ದರು. ಹಿಂದಿನಿಂದ ಯಾದಗಿರಿಯ ನಮ್ಮ ನಾಗಣ್ಣ, ಹತ್ತಿ ವ್ಯಾಪಾರಿ, ಹಾರ್ನ್ ಹೊಡೆದನೆಂದರೆ ಒಂದೇ ಮಾತು:

“ಗಡಿಬಿಡಿ ಇದ್ರ ಡಾಂಬರ ರೋಡಿಗಿ ಹೋಗ್ರಿ ನಾಗಣ್ಣ. ಅಲ್ಲಿ ಭಾಳ ಮಂದಿ ಸಿಗ್ತಾರ.”

ಅವರ ಪಕ್ಕದ ಸೀಟಿನಲ್ಲಿ ಅವರ ಯಜಮಾನರು, ಅರುಣಕುಮಾರ ಅವರು. ತಾಲೂಕು ಕಚೇರಿಯ ಗುಮಾಸ್ತರು, ಬಸ್ಸಿನಲ್ಲಿ ಕೂತರೂ ತಲೆ ತಿರುಗುವ ಮನುಷ್ಯ. ಬುತ್ತಿಚೀಲ ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಗುಡ್ಡ ಹತ್ತಿ ಗುಡ್ಡ ಇಳಿಯುತ್ತಿದ್ದರು. ಯಾಕೆ ಬರುತ್ತೀರಿ ಅಂತ ಒಮ್ಮೆ ಕೇಳಿದೆ. “ಆಕಿ ಬರ್ತಾಳಲ್ರಿ” ಅಂದರು. ಅಷ್ಟೇ.

ಚಳಿಗಾಲದ ಬೆಳಗು ನಮಗೆಲ್ಲ ಬಹಳ ಇಷ್ಟ. ಮಂಜು ಹೊಲದ ಮೇಲೆ ಹಾಲು ಚೆಲ್ಲಿದಂತೆ ನಿಂತಿರುತ್ತದೆ. ಜೋಳದ ತೆನೆಗಳು ಅದರಲ್ಲಿ ತೇಲುತ್ತವೆ. ಆಚೆಗೆ ಶಹಾಪುರದ ಗುಡ್ಡ, ನಾವೆಲ್ಲ ಹುಟ್ಟಿದಾಗಿನಿಂದ ನೋಡುತ್ತ ಬಂದ ಆ ಮಲಗಿದ ಬುದ್ಧ. ಹಣೆ, ಮೂಗು, ಎದೆ — ಎಲ್ಲ ನಿಧಾನವಾಗಿ ಬೆಳಕಿಗೆ ಬರುತ್ತವೆ. ಅಲ್ಲಿ ಮೇಡಂ ಗಾಡಿ ನಿಲ್ಲಿಸುತ್ತಿದ್ದರು. ಯಾರನ್ನೋ ಎಬ್ಬಿಸದೆ ಪಕ್ಕದಲ್ಲಿ ಹಾದುಹೋಗುವವರಂತೆ ಮತ್ತೆ ಮೆಲ್ಲಗೆ ಹೊರಡುತ್ತಿದ್ದರು.

ಹೀಗೆ ವರ್ಷಗಳು ಹೋದವು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆ ಗೊತ್ತಿತ್ತು. ಅದು ಕಣ್ಣಿಗೆ ಇಳಿದದ್ದು ಗೊತ್ತಿರಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ.

ಮಳೆಗಾಲ ಮುಗಿದ ಹೊಸದರಲ್ಲಿ ಸುರಪುರದ ಆಚೆ ಗುಡ್ಡದ ಪಕ್ಕೆಯಲ್ಲಿ ಹೋಗುತ್ತಿದ್ದೆವು. ಎಡಕ್ಕೆ ಬಂಡೆ, ಬಲಕ್ಕೆ ಕಮರಿ. ದಾರಿಯ ಬಲ ಅಂಚನ್ನು ಒಂದು ಕಡೆ ಮಳೆ ತಿಂದುಬಿಟ್ಟಿತ್ತು. ನನಗೆ ಹಿಂದಿನಿಂದಲೇ ಕಾಣುತ್ತಿತ್ತು. ಮೇಡಂ ಅವರ ಗಾಡಿ ನೇರ ಅದರ ಮೇಲೆ ಹೋಯಿತು. ಮುಂದಿನ ಬಲಚಕ್ರ ಗಾಳಿಯಲ್ಲಿ ತಿರುಗಿತು.

ನಾವೆಲ್ಲ ಇಳಿದು ಓಡಿದೆವು. ಮೇಡಂ ಬ್ರೇಕಿನ ಮೇಲೆ ನಿಂತೇ ಬಿಟ್ಟಿದ್ದಾರೆ. ಅವರ ಬಾಗಿಲಿನ ಕೆಳಗೆ ನೆಲವಿಲ್ಲ. ಎಡ ಬಾಗಿಲು ತೆಗೆದು, “ಸರ, ನೀವು ಮೊದಲ ಇಳೀರಿ” ಅಂದೆ. ಅರುಣಕುಮಾರ ಅವರು ಕಣ್ಣು ತೆರೆದಿದ್ದರು. ಗಾಡಿಯಲ್ಲಿ ಅವರ ಕಣ್ಣು ತೆರೆದಿರುವುದನ್ನು ನಾನು ಅದೇ ಮೊದಲು ನೋಡಿದ್ದು.

“ನಾ ಇಳದ್ರ ತೂಕ ಆ ಕಡಿ ಬೀಳ್ತದ್ರಿ,” ಅಂದರು. “ನೀವು ಹಗ್ಗ ಕಟ್ರಿ. ನಾ ಕುಂತಿರ್ತೀನಿ.”

ಕುಳಿತೇ ಇದ್ದರು. ಒಂದು ಕೈ ಹೆಂಡತಿಯ ಮೊಣಕಾಲ ಮೇಲೆ. ನಾಗಣ್ಣ ತನ್ನ ಗಾಡಿಗೆ ಹಗ್ಗ ಬಿಗಿದು ಹಿಂದಕ್ಕೆ ಎಳೆದ — ಇಷ್ಟಿಷ್ಟೇ, ಇಷ್ಟಿಷ್ಟೇ — ಚಕ್ರ ಮಣ್ಣು ಕಚ್ಚಿತು.

ಮೇಡಂ ಇಳಿದು ಬಂಡೆಗೆ ಒರಗಿ ಕೂತರು. ನೀರು ಕುಡಿದರು. ಆಮೇಲೆ ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು: “ಆ ಅಂಚು ನನಗ ಕಾಣಲಿಲ್ರಿ. ಮಂಜಿನಾಗಿದ್ದಂಗ ಅದ. ಭಾಳ ದಿನಾ ಆತು.” ಗಂಡನ ಕಡೆ ತಿರುಗಿ, “ನಿಮ್ಮನ್ನ ಕೂಡಿಸಿಕೊಂಡು ಹಿಂಗ ಮಾಡಿದ್ನಲ್ಲ” ಅಂದರು. ಕೀಲಿಕೈ ಅವರ ಮಡಿಲಲ್ಲಿ ಬಿದ್ದಿತ್ತು, ಮತ್ತೆ ಮುಟ್ಟಲಿಲ್ಲ. ಆ ದಿನ ಅವರ ಗಾಡಿಯನ್ನು ಮನೆಗೆ ನಾನು ಓಡಿಸಿಕೊಂಡು ಬಂದೆ. ದಾರಿಯಲ್ಲಿ ಅವರಿಬ್ಬರ ಮಾತು ನನ್ನ ಕಿವಿಗೆ ಬಿತ್ತು.

“ಗಾಡಿ ಮಾರಿಬಿಡೋಣು.”

“ಮಾರಂಗಿಲ್ಲ. ನಾ ಕಲೀತೀನಿ.”

“ನೀವಾ? ಬಸ್ಸಿನಾಗ ಕುಂತ್ರ ವಾಂತಿ ಮಾಡ್ಕೋತೀರಿ.”

“ಓಡಿಸೋರಿಗಿ ತಲಿ ತಿರಗಂಗಿಲ್ಲಂತ. ಬೇಕಾದ್ರ ಭೀಮಾಶಂಕರ ಸರಗ ಕೇಳು.”

ಬಂಧುಗಳೇ, ಮರುದಿನ ಸಂಜೆ ಅರುಣಕುಮಾರ ಅವರು ನನ್ನ ಮನೆಯ ಮುಂದೆ ನಿಂತಿದ್ದರು. ಹತ್ತಿ ಮಿಲ್ಲಿನ ಖಾಲಿ ಅಂಗಳದಲ್ಲಿ ಕಲಿಸಿದೆ. ಕ್ಲಚ್ಚು ಬಿಟ್ಟರೆ ಗಾಡಿ ಕುದುರೆಯಂತೆ ನೆಗೆದು ನಿಂತುಹೋಗುತ್ತಿತ್ತು. ಬೆವರು ಒರೆಸಿಕೊಂಡು, “ಇನ್ನೊಮ್ಮಿ ನೋಡೋಣ್ರಿ” ಅನ್ನುತ್ತಿದ್ದರು. ಹಬ್ಬ ಹೋಯಿತು, ಚಳಿ ಬಂತು. ಒಂದು ಭಾನುವಾರ, ಮೆಣಸಿನಕಾಯಿ ಗಾಡಿ ಮತ್ತೆ ನಮ್ಮ ಸಾಲಿಗೆ ಬಂದು ನಿಂತಿತು. ಸ್ಟಿಯರಿಂಗ್ ಅರುಣಕುಮಾರ ಅವರ ಕೈಯಲ್ಲಿ. ಎಡಗಡೆ ಮೇಡಂ, ಕಿಟಕಿಗೆ ಮುಖ ಕೊಟ್ಟು.

ಎತ್ತಿನ ಬಂಡಿ ನಮ್ಮನ್ನು ದಾಟಿ ಮುಂದೆ ಹೋಯಿತು, ಅಷ್ಟು ನಿಧಾನ. ಆದರೆ ನಾಗಣ್ಣ ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ.

ಮೇಡಂಗೆ ಆಗ ಬೆಳಕು, ನೆರಳು, ಇಷ್ಟೇ ಗೊತ್ತಾಗುತ್ತಿತ್ತು. ಕಂಡದ್ದನ್ನೆಲ್ಲ ಗಂಡ ಹೇಳಬೇಕು. ಆದರೆ ಇವರೋ, ಕಚೇರಿಯ ಮನುಷ್ಯ.

“ಏನ ಕಾಣಾಕತ್ತದ?”

“ಕಲ್ಲು.”

“ಎಂಥಾ ಕಲ್ಲು?”

“ದೊಡ್ಡ ಕಲ್ಲು.”

“ಅಯ್ಯ, ಪಂಚನಾಮಾ ಬರಿಯಾಕತ್ತೀರೇನು? ಸರಿಯಾಗಿ ಹೇಳ್ರಿ!”

ಅವರು ಸರಿಯಾಗಿ ಹೇಳಲು ಕಲಿತರು. ಒಂದು ದಿನ ತಿಂಥಣಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದೆವು. ಅರುಣಕುಮಾರ ಅವರು ಮೇಡಂಗೆ ಮೆಲ್ಲಗೆ ಹೇಳುತ್ತಿದ್ದರು: “ಹೊಳಿ ನಡುವ ಒಂದ ಬಂಡಿಗಲ್ಲ ಅದ ನೋಡು, ಎಮ್ಮಿ ಕುತಗಿಮಟ ನೀರಾಗ ಮಲಗಿದಂಗ. ಅದರ ಮ್ಯಾಲ ಒಂದ ಬೆಳ್ಳಕ್ಕಿ ಕುಂತದ. ನೀರ ಹರಿಯಾಕತ್ತದೋ, ಕಲ್ಲ ತೇಲಾಕತ್ತದೋ ತಿಳೀವಲ್ದು.” ನಾವು ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಹೊಳೆ ನೋಡಿದೆವು. ನಾನು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಆ ಕಲ್ಲನ್ನು ನೋಡಿದ್ದು ಅವತ್ತೇ.

ಈಗ ಕೊನೆಯ ಭಾನುವಾರ. ಕಾಯಿಲೆ ಮೂತ್ರಪಿಂಡಕ್ಕೂ ಇಳಿದಿತ್ತು. ಇನ್ನು ಕುಲುಕಾಡುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಮೇಡಂ ಹಟ ಹಿಡಿದರು. ಗುಡ್ಡ ಬೇಡ, ಬಯಲಲ್ಲಿ ಹೋಗೋಣ ಅಂತ ದೇವಾಪುರದ ಕಡೆ ಹೊರಟೆವು. ಜೈತುನಬೀ ಅವರು — ಅಲ್ಲಿ ಹಿಂದೆ ಕೂತಿದ್ದಾರೆ — ಅವರ ಹೊಲದ ಬದುವಿನಲ್ಲಿ ಚಹಾಕ್ಕೆ ನಿಂತೆವು. ತೊಗರಿ ಕೊಯ್ಲು ಮುಗಿದು ಕಪ್ಪು ನೆಲ ಕಣ್ಣು ಹಾಯುವವರೆಗೆ ಖಾಲಿ ಬಿದ್ದಿತ್ತು.

ಮೇಡಂ ಚಹಾದ ಲೋಟ ಕೆಳಗಿಟ್ಟು ಕೇಳಿದರು: “ಒಮ್ಮಿ ನಾ ಸ್ಟಿಯರಿಂಗ್ ಹಿಡೀಲೇನು?”

 ಅರುಣಕುಮಾರ ಅವರು ನೆಲ ನೋಡುತ್ತ ನಿಂತುಬಿಟ್ಟರು. ಕೊನೆಗೆ ಜೈತುನಬೀ ಅವರೇ ಅಂದರು: “ಹಿಡೀಲಿ ಬಿಡ್ರಿ. ನೆಲ ಖಾಲಿ ಅದ. ಒಂದ ಬೇವಿನ ಗಿಡ ಅದ ನೋಡ್ರಿ, ಅದನಷ್ಟ ಉಳಸ್ರಿ.”

ಮೇಡಂ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ನಾನು, ನಾಗಣ್ಣ ಹಿಂದೆ ಸಾಮಾನು ಹೊರುವ ತೊಟ್ಟಿಯಲ್ಲಿ ನಿಂತೆವು. ಅರುಣಕುಮಾರ ಅವರು ಎಡಗಡೆ ಕೂತರು. ಮೇಡಂ ಗೇರು ಹಾಕಿದರು — ಕೈ ಮರೆತಿರಲಿಲ್ಲ.

“ಬಲಕ್ಕ ಏನದ?”

“ಬಯಲು.”

“ಎಡಕ್ಕ?”

“ಅದೂ ಬಯಲು.”

“ಮುಂದ?”

ಅರುಣಕುಮಾರ ಅವರು ಗಾಜಿನಾಚೆ ನೋಡಿದರು. ಹೇಳಿದರು: “ಮುಂದ ಆಕಾಶ ಅದ. ಹೊಡಿ.”

ಹೊಡೆದರು! ಬಂಧುಗಳೇ, ಹೊಡೆದರು. ಬಿರುಕು ಬಿಟ್ಟ ಎರೆನೆಲದ ಮೇಲೆ ಗಾಡಿ ಕುಣಿಯಿತು. ಧೂಳು ಎದ್ದು ಊರು, ಗಿಡ, ರಸ್ತೆ ಎಲ್ಲ ಮಾಯವಾದವು. ದೂರದ ಗುಡ್ಡಗಳು ನೆಲ ಬಿಟ್ಟು ಮೇಲೆ ತೇಲುತ್ತಿದ್ದವು. ಮೇಡಂ ಸುತ್ತು ಹೊಡೆದರು, ಮತ್ತೊಂದು ಸುತ್ತು, ಇನ್ನೂ ದೊಡ್ಡದು. ನಾಗಣ್ಣ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದ. ಗಾಡಿ ನಿಂತಿದೆಯೋ, ಭೂಮಿಯೇ ನಮ್ಮ ಕೆಳಗೆ ತಿರುಗುತ್ತಿದೆಯೋ ನನಗೆ ತಿಳಿಯಲಿಲ್ಲ. ಹೆದರಿಕೆ ಮಾತ್ರ ಆಗಲಿಲ್ಲ. ಕಣ್ಣು ಕಾಣದವರು ಓಡಿಸುತ್ತಿದ್ದ ಗಾಡಿಯಲ್ಲಿ ನಿಂತು, ನನಗೆ ಒಂದು ಚೂರೂ ಹೆದರಿಕೆ ಆಗಲಿಲ್ಲ.

ಆಮೇಲೆ ತಾವಾಗಿಯೇ ವೇಗ ಇಳಿಸಿದರು. ಬಯಲಿನ ನಡುವೆ ನಿಲ್ಲಿಸಿದರು. ಎಂಜಿನ್ನು ಬಂದ್ ಮಾಡಿದರು. ಧೂಳು ನಮ್ಮ ಮೇಲೆ ಮೆತ್ತಗೆ ಇಳಿಯತೊಡಗಿತು. ಅರುಣಕುಮಾರ ಅವರು ಏನೋ ಹೇಳಲು ಬಾಯಿ ತೆರೆದರು. ಮೇಡಂ ಅವರ ಕೈ ಹುಡುಕಿ ಹಿಡಿದುಕೊಂಡು ಅಂದರು:

“ಸಾಕು. ಇನ್ನ ಸ್ವಲ್ಪೊತ್ತು ಯಾರೂ ಮಾತಾಡಬ್ಯಾಡ್ರಿ.”

ನಾವು ಮಾತಾಡಲಿಲ್ಲ. ಬಿಸಿಯಾದ ಕಬ್ಬಿಣ ಆರುವ ಸದ್ದು, ಎಲ್ಲೋ ಒಂದು ಹಕ್ಕಿ, ಗಾಳಿ. ಯಾರಿಗೂ ಇಳಿಯುವ ಮನಸ್ಸಾಗಲಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಿತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಲಾಲಮ್ಮನವರೇ, ನೀವು ಕೂತೇ ಇರಿ ತಾಯಿ. ಅರುಣಕುಮಾರ ಅವರೇ, ನನ್ನ ಪಕ್ಕಕ್ಕೆ ಬನ್ನಿ. ಇನ್ನು ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.