ಗಾಲಿಯೋ ಗಾಳಿಯೋ

ಥೂ, ಕೆಳಗಿಡು ಅದನ್ನ! ಬೆಂಚಿನ ಮೇಲೆ ಬೇಡ, ನೆಲಕ್ಕೆ ಹಾಕು. ಕಾಂಕ್ರೀಟು, ಮಣ್ಣು, ರಕ್ತ... ಗೋಣಿಚೀಲದಲ್ಲಿ ಸುತ್ಕೊಂಡು ಬಸ್ಸಲ್ಲಿ ತಂದೆಯಾ ಇದನ್ನ, ಹಲಸೂರಿಗೆ? ಮುರಿದ ಗಾಲಿ ತಂದು ನನ್ನ ಮುಂದೆ ಇಟ್ರೆ ನಾನೇನು ಮಾಡ್ಲಿ, ಯಂಕಮ್ಮ?

ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡೆ. ಕಿವುಡ ಅಲ್ಲ ನಾನು. ನಿನ್ನ ಗಂಡ ಸಾಯಬಣ್ಣ ನಿನ್ನೆ ದೊಮ್ಮಲೂರು ಸೈಟಲ್ಲಿ ಹಲಗೆ ಮೇಲೆ ಕೈಗಾಡಿ ತಳ್ತಿದ್ದ. ನನ್ನ ಬಾಡಿಗೆ ಗಾಡಿ. ತುಂಬ ಕಾಂಕ್ರೀಟು. ಅರ್ಧ ದಾರಿಯಲ್ಲಿ ಗಾಲಿ ಒಡೀತು. ಗಾಡಿ ಸಮೇತ ಕೆಳಗೆ ಬಿದ್ದ. ಸೊಂಟ ಮುರೀತು. ಈಗ ಮೇಸ್ತ್ರಿ 'ಕುಡಿದು ತಳ್ಳಿದ' ಅಂತ ರಿಪೋರ್ಟ್ ಬರೆಸಿದಾನೆ. ಸಂಜೆ ಎಂಜಿನಿಯರ್ ಸಹಿ ಹಾಕ್ತಾನೆ. ಸಹಿ ಬಿತ್ತೋ, ಸಾಯಬಣ್ಣ ಕುಡುಕ ಅಂತಲೇ ಆಯ್ತು. ಆಸ್ಪತ್ರೆ ಖರ್ಚು ಕೊಡೋರಿಲ್ಲ, ನಿನಗೂ ಸೈಟಲ್ಲಿ ಕೆಲಸ ಇಲ್ಲ. ಅದಕ್ಕೆ ನಾನು ಬಂದು 'ಗಾಲಿನೇ ಕೆಟ್ಟಿತ್ತು' ಅಂತ ಹೇಳ್ಬೇಕು. ಅಷ್ಟೇ ತಾನೆ?

ಬರಲ್ಲ.

ಯಾಕೆ ಹಾಗೆ ನಿಂತೆ? ಕೂತ್ಕೋ. ಸ್ಟೂಲ್ ಇದೆ... ಬೇಡ್ವಾ? ನಿಂತೇ ಇರು ಹಾಗಾದ್ರೆ.

ಈ ಕೈಗಾಡಿಗಳನ್ನ ಕಂಡ್ರೆ ನನಗೆ ವಾಕರಿಕೆ ಬರುತ್ತಮ್ಮ. ಮೂವತ್ತು ವರ್ಷ ಆಯ್ತು ಬಾಡಿಗೆಗೆ ಬಿಡ್ತಾ. ಇಲ್ಲಿಂದ ಹೋಗುವಾಗ ಗಾಡಿ, ವಾಪಸ್ ಬರುವಾಗ ಹೆಣ! ಯಾರೂ ತೊಳೆಯಲ್ಲ. ಸಿಮೆಂಟು ಬೇರಿಂಗ್ ಒಳಗೆ ಹೋಗಿ ಕಲ್ಲಾಗಿ ಕೂತಿರುತ್ತೆ. ಬಿಸಿಲಲ್ಲಿ ಬಿಟ್ಟು ಬಿಟ್ಟು ಟೈರ್ ಹಪ್ಪಳ ಮಾಡ್ತಾರೆ. ಬೆನ್ಸನ್ ಟೌನಿಂದ ಒಂದು ಬಂತು, ಹೋದ ತಿಂಗಳು. ಯಾಕಪ್ಪ ಇದು ಹೀಗೆ ನಾರುತ್ತೆ ಅಂತ ಟೈರ್ ಬಿಚ್ಚಿದೆ. ಟ್ಯೂಬೇ ಇಲ್ಲ! ಒಳಗೆ ಒಣಹುಲ್ಲು. ಎಮ್ಮೆಗೆ ಹಾಕೋ ಹುಲ್ಲು! ತುರುಕಿ ತುರುಕಿ ತುಂಬಿದ್ರು. ಕೊಳೆತು ಹುಳ ಬಿದ್ದಿತ್ತು... ಛೀ. ಅವತ್ತು ಊಟ ಸೇರಲಿಲ್ಲ ನನಗೆ. ಇನ್ನೊಂದು ಗಾಡೀಲಿ ಟೈರ್ ಕಳಚಬಾರದು ಅಂತ ಹಳೇ ಸೀರೆ ಅಂಚು ಹರಿದು ಕಟ್ಟಿದ್ರು. ರೇಷ್ಮೆ ಅಂಚು! ಮದುವೆ ಹೆಣ್ಣಿನ ಹಾಗೆ ಬಂತು ಅದು.

ಯಾಕೆ ನಗ್ತೀಯ? ನಗ್ತಿಲ್ವಾ... ಇಲ್ಲ. ನಗ್ತಿಲ್ಲ.

ನೋಡು, ಆಟೋಗೆ ಮೂರು ಗಾಲಿ. ಎತ್ತಿನ ಬಂಡಿಗೆ ಎರಡು. ಇದಕ್ಕಿರೋದು ಒಂದೇ. ಅದು ಕೈ ಕೊಟ್ರೆ ತಳ್ಳೋನ ಕೈಯಲ್ಲಿ ಉಳಿಯೋದು ಎರಡು ಪೈಪು. ಇಷ್ಟು ತಿಳ್ಕೊಂಡು ತಳ್ಬೇಕು. ಅವನಿಗೆ ಗೊತ್ತಿರಲಿಲ್ವಾ?

ಕುಡೀತಾನೆ ಅಂತ ನಾನು ಹೇಳ್ತಿಲ್ಲಮ್ಮ. ಬೀಡಿ ಕೂಡ ಸೇದೋನಲ್ಲ. ಗೊತ್ತು ನನಗೆ. ಚಾ ಕೊಟ್ರೂ ಅರ್ಧ ಕುಡಿದು ಸಾಕು ಅನ್ನೋನು. ಆದ್ರೆ ಅದನ್ನ ನಾನ್ಯಾಕೆ ಹೋಗಿ ಹೇಳ್ಬೇಕು? ನನ್ನ ಪಾಡಿಗೆ ನಾನಿರೋನು. ಜಾಸ್ತಿ ಮಾತಾಡೋನೇ ಅಲ್ಲ ನಾನು. ಇವತ್ತು ಯಾಕೋ...

ಹೌದು, ಬಂದಿದ್ದ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಗಾಡಿ ತಳ್ಕೊಂಡು ಬಂದ. ಅದನ್ನ ಇಲ್ಲ ಅನ್ನಲ್ಲ. 'ಚಾಚಾ, ಗಾಳಿ ಬರೋಬರಿ ಇಲ್ರಿ' ಅಂದ. ಹೊಡೆದೆ. ಕಳಿಸಿದೆ. ಮುಗೀತು. ಇದರಲ್ಲಿ ನನ್ನ ತಪ್ಪೇನು?

ಯಾಕೆ ಕಾಲಿಂದ ಅದನ್ನ ಒದೀತೀಯ? ಸದ್ದು ಮಾಡ್ಬೇಡ... ಓ, ಗಾಲಿ. ಅವನು ಅಂದಿದ್ದು ಗಾಲಿ ಅಂತೀಯಾ? ಆಸ್ಪತ್ರೆಯಲ್ಲಿ ಅವನೇ ಹೇಳಿದ್ನಾ?

ಇರಬಹುದಮ್ಮ. ಇರಬಹುದು. ನನಗೇನು ಗೊತ್ತು? ನಾನು ಅಹ್ಮದ್ ಪಾಷಾ, ಹುಟ್ಟಿದ್ದು ಶಿವಾಜಿನಗರ. ನಮ್ಮ ಮನೆ ಮಾತಲ್ಲಿ ನಿಮ್ಮ ಆ 'ಳ' ಇಲ್ಲವೇ ಇಲ್ಲ. ನಾಲಿಗೆಗೂ ಬರಲ್ಲ, ಕಿವಿಗೂ ಹತ್ತಲ್ಲ. ಎರಡೂ ಒಂದೇ ಥರ ಕೇಳಿಸುತ್ತೆ. ಅದೂ ಅಲ್ಲದೆ ನಮ್ಮ ಮಾತಲ್ಲಿ ಗಾಲಿ ಅಂದ್ರೆ ಬೈಗುಳ. ಪಕ್ಕದ ವೆಲ್ಡಿಂಗ್ ಶಫಿ ಇದಾನಲ್ಲ, ಅವನ ಹತ್ರ ಯಾರೋ ಹೊಸಬ ಬಂದು 'ಒಂದು ಗಾಲಿ ಕೊಡಿ ಸಾಬ್ರೆ' ಅಂದ. ಇವನು 'ಯಾರಿಗೆ ಕೊಡ್ಲಿ? ನಿಮಗೋ, ನಿಮ್ಮಪ್ಪನಿಗೋ?' ಅಂದ. ಇಡೀ ಬೀದಿ ನಕ್ಕಿತು!

ನೀನು ನಗಲ್ಲ. ಸರಿ.

ಅಂದ್ರೆ, ಭಾಷೆ ತಪ್ಪು ಅಷ್ಟೇ. ನಿಮ್ಮ ರಾಯಚೂರು ಕಡೆ ಮಾತು ಒಂದು, ನನ್ನ ಕಿವಿ ಒಂದು. ರಸ್ತೆಯಲ್ಲಿ ಲಾರಿ ಬೇರೆ. ನನ್ನ ಕಿವಿಗೆ ಬಿದ್ದಿದ್ದು ಗಾಳಿ. ಗಾಳಿ ಕೇಳಿದ, ಗಾಳಿ ಹೊಡೆದೆ. ಗಾಲಿ ಕೇಳಿದ್ರೆ ಗಾಲಿನೇ ಬದಲಾಯಿಸ್ತಿದ್ದೆ. ಗಾಳಿ ಬೇರೆ, ಗಾಲಿ ಬೇರೆ, ಅಷ್ಟು ತಿಳಿಯಲ್ವಾ ನನಗೆ? ಮೂವತ್ತು ವರ್ಷದಲ್ಲಿ ಗಾಳಿ ಅಂದೋನಿಗೆ ಗಾಲಿ ಕೊಟ್ಟಿಲ್ಲ, ಗಾಲಿ ಅಂದೋನಿಗೆ ಗಾಳಿ...

ಏನು?

ಯಾಕೆ ನನ್ನ ಬಾಯಿನೇ ನೋಡ್ತೀಯ?

ಏನಾಯ್ತು ಈಗ? ನಾನೇನಂದೆ? ಗಾಳಿ ಅಂದೆ, ಗಾಲಿ ಅಂ...

ಹೋ.

...

ಮಾತಾಡು. ಬೈ. ಕಿರುಚು. ಬೀದಿಯೋರನ್ನ ಕರಿ. ಹೀಗೆ ನೋಡ್ಬೇಡ, ತಾಯಿ.

ಹೌದು, ಬರುತ್ತೆ. ಎರಡೂ ಬೇರೆ ಬೇರೆ ಬರುತ್ತೆ. ಬಾಯಿಗೂ ಬರುತ್ತೆ, ಕಿವಿಗೂ ಬೀಳುತ್ತೆ. ಈ ಊರಲ್ಲಿ ಹುಟ್ಟಿ, ಇದೇ ಮಾತಲ್ಲಿ ಅನ್ನ ತಿಂದು... ಬರದೆ ಇರುತ್ತಾ?

ಗಾಲಿ ಅಂದ. ಎರಡು ಸಲ ಅಂದ. ಬಗ್ಗಿ ರಿಮ್ಮಿನ ಸೀಳು ತೋರಿಸಿದ. ಬೆರಳಿನ ಉಗುರು ಹೋಗೋ ಅಷ್ಟು ಸೀಳು. ನೋಡಿದೆ. ಹೊಸ ಗಾಲಿ ಇರಲಿಲ್ವಾ ಅಂತೀಯಾ? ಇತ್ತು. ಇದೇ ಗೋಡೆಗೆ ನೇತು ಹಾಕಿದ್ದೆ. ವಿಮಾನಪುರದ ಕಾಂಟ್ರಾಕ್ಟರ್‌ಗೆ ಅಂತ ಎತ್ತಿಟ್ಟಿದ್ದೆ. ಅವನು ಒಂದೇ ಸಲಕ್ಕೆ ಇಪ್ಪತ್ತು ಗಾಡಿ ಒಯ್ಯೋನು. ಇವನು ಕೂಲಿ. ಒಂದು ಗಾಡಿ. 'ಗಾಳಿ ಕಮ್ಮಿ ಕಣೋ, ಅದಕ್ಕೇ ಅಲ್ಲಾಡುತ್ತೆ' ಅಂದೆ. ಅವನು 'ಗಾಳಿ ಅಲ್ರಿ ಚಾಚಾ, ಗಾಲಿ' ಅಂದ. 'ನನಗೆ ಹೇಳಿಕೊಡ್ತೀಯೇನೋ' ಅಂತ ರೇಗಿದೆ. ಟೈರ್ ಕಲ್ಲಿನ ಹಾಗೆ ಆಗೋವರೆಗೂ ಹೊಡೆದೆ, ಅಲ್ಲಾಡೋದು ಕಾಣಬಾರದು ಅಂತ. ಒಡಕು ರಿಮ್ಮಿಗೆ ಅಷ್ಟು ಗಾಳಿ ಹೊಡೀಬಾರದು. ಯಾರಿಗೆ ಗೊತ್ತಿಲ್ಲದಿದ್ರೂ ನನಗೆ ಗೊತ್ತು. ಆಮೇಲೆ ಸೀಳಿನ ಮೇಲೆ ಬೆಳ್ಳಿ ಬಣ್ಣ ಬಳಿದೆ.

ದೊಡ್ಡೋರು ಹೇಳ್ತಾರೆ ಅಂತ ತಳ್ಕೊಂಡು ಹೋದ.

ಥೂ... ನನಗಲ್ಲದೆ ಇನ್ಯಾರಿಗೆ.

ಎಂಜಿನಿಯರ್ ಎಷ್ಟು ಹೊತ್ತಿಗೆ ಬರ್ತಾನೆ, ಐದಕ್ಕಾ? ಗುಲ್ಷನ್! ಒಳಗಿದ್ದೀಯೇನಮ್ಮ... ನನ್ನ ಸೊಸೆ ಅವಳು. ಬಾಗಿಲ ಹಿಂದೆನೇ ನಿಂತಿದ್ದಾಳೆ. ಗುಲ್ಷನ್, ಕೇಳಿಸ್ಕೊಂಡೆಯಾ ಎಲ್ಲಾ? ಕೇಳಿಸ್ಕೋ. ಅಂಗಡಿ ನೋಡ್ಕೋ. ಯಾರಿಗೂ ಗಾಡಿ ಕೊಡ್ಬೇಡ.

ಎಂಜಿನಿಯರ್ ಮುಂದೆ ಏನು ಹೇಳ್ಲಿ ನಾನು, ಯಂಕಮ್ಮ? ಗಾಲಿ ಸೀಳಿತ್ತು. ಅವನು ತೋರಿಸಿದ. ನಾನು ನೋಡಿಯೂ ಕಳಿಸಿದೆ. ಅವನು ಕುಡಿದಿರಲಿಲ್ಲ. ಸಾಕಾ ಇಷ್ಟು?

ಸಾಕಾ ಅಂದೆ.

ತಲೆನಾದ್ರೂ ಆಡಿಸಮ್ಮ...

ಆಡಿಸಲ್ಲ. ಸರಿ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ನಿನ್ನ ಪಕ್ಕ ನಡೆಯೋಕೆ ನನ್ನಿಂದಾಗಲ್ಲ.