ಕೊನೆಯ ನಲ್ಲಿಯ ಮೊದಲ ಬೊಗಸೆ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ನಾನು ಶುರು ಮಾಡಿದರೆ ನಿಮಗೆಲ್ಲ ಬಲು ಸಂತೋಷ. ಕಥೆಯಲ್ಲಿ ಕೆಡುವವನು ಶ್ರೀಮಂತ, ನಾವಲ್ಲ ಎಂದು ಕಂಬಕ್ಕೆ ಒರಗಿ ಆರಾಮಾಗಿ ಕೂರುತ್ತೀರಿ. ಇವತ್ತು ಆ ಆರಾಮ ಇಲ್ಲ. ಇವತ್ತಿನ ಕಥೆಯಲ್ಲಿ ಶ್ರೀಮಂತ ಇಲ್ಲ. ಇರುವವನು ನಿಮ್ಮಂಥವನು. ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ. ಹಿಂದಿನ ಸಾಲಿನವರು ಫೋನು ಜೇಬಿಗಿಡಿ.

ಬೆಳಗ್ಗೆ ಒಬ್ಬ ಭಕ್ತ ಮಠಕ್ಕೆ ಬಂದಿದ್ದ. ಔಷಧಿ ಅಂಗಡಿಯಲ್ಲಿ ಗುಳಿಗೆ ಕೊಡುವ ಕೆಲಸ ಅವನದು. 'ಬುದ್ಧಿ, ಗಿರಾಕಿ ಇಲ್ಲದಾಗ ಫೋನಿನಾಗ ಸೀರಿ ಮಾರೋದು ಚಾಲೂ ಮಾಡೀನ್ರಿ. ನಮಗ ಬೇಕಾದ ಟೈಮಿಗೆ ಮಾಡಬಹುದ್ರಿ. ಆಶೀರ್ವಾದ ಮಾಡ್ರಿ' ಅಂದ. ವಿಭೂತಿ ಕೊಟ್ಟೆ. ಅವನ ಮಾತು ಕೇಳಿದ ಕೂಡಲೇ ನನಗೆ ಒಬ್ಬ ನೀರುಗಂಟಿಯ ಕಥೆ ನೆನಪಾಯಿತು. ಅವನು ಇಲ್ಲೇ ಎಲ್ಲೋ ಕುಳಿತಿದ್ದಾನೆ. ಹುಡುಕಬೇಡಿ, ಪಾಪ. ಕಥೆ ಅವನೊಬ್ಬನಿಗಲ್ಲ.

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಗುಡ್ಡದ ಮೇಲೆ ಊರಿನ ಪಂಪ್‌ಹೌಸು. ಮೋಟಾರು ಹಚ್ಚುವುದು, ವಾಲ್ವ್ ತಿರುವುವುದು, ಓಣಿ ಓಣಿಗೆ ಕುಡಿಯುವ ನೀರು ಬಿಡುವುದು ಅವನ ಕೆಲಸ. ಅವನಿಗಿಂತ ಮುಂಚೆ ಅವನ ಅಪ್ಪ ಇದೇ ಕೆಲಸ ಮಾಡಿದವನು. ಆ ಅಪ್ಪನದೊಂದು ಪದ್ಧತಿ ಇತ್ತು, ಕೇಳಿ. ವಾಲ್ವ್ ತಿರುವಿದವನೇ ಗುಡ್ಡ ಇಳಿದು ಕೊನೆಯ ಓಣಿಯ ಕೊನೆಯ ನಲ್ಲಿಗೆ ನಡೆದು ಹೋಗುತ್ತಿದ್ದ. ಅಲ್ಲಿ ನೀರು ಬರುವ ತನಕ ಕಾಯುತ್ತಿದ್ದ. ಬಂದ ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ತಾನು ಕುಡಿಯುತ್ತಿದ್ದ. ಆಮೇಲೆ 'ತುಂಬಿಕೋರವ್ವಾ' ಎಂದು ಹೆಂಗಸರಿಗೆ ಹೇಳುತ್ತಿದ್ದ. ಅವನು ಕುಡಿಯದೆ ಆ ಓಣಿಯಲ್ಲಿ ಯಾರೂ ಕೊಡ ಹಚ್ಚುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಸರ್ಕಾರದ ಆದೇಶವೂ ಅಲ್ಲ. ತಾನು ಕೊಡುವುದನ್ನು ತಾನು ಮೊದಲು ಬಾಯಿಗಿಡುವುದು, ಅಷ್ಟೇ.

ಮಗ ಕೆಟ್ಟವನೇ? ಅಲ್ಲ. ಕುಡುಕನೇ? ಅಲ್ಲ. ಸೋಮಾರಿಯೇ? ಅಯ್ಯೋ, ಅವನಷ್ಟು ಓಡಾಡುವವನು ಸುತ್ತ ಏಳು ಹಳ್ಳಿಯಲ್ಲಿ ಇರಲಿಲ್ಲ. ನೀರು ಬಿಟ್ಟ ಮೇಲೆ ಬಿಡುವು ಇರುತ್ತದಲ್ಲ, ಆ ಬಿಡುವಿನಲ್ಲಿ ದುಡಿಯಲು ಶುರು ಮಾಡಿದ. ಬಸ್ಸಿಗೆ ಬಂದ ಪಾರ್ಸೆಲ್ಲು ಮನೆ ಮನೆಗೆ ಮುಟ್ಟಿಸಿದ. ಮದುವೆ ಮನೆಯಲ್ಲಿ ಬಡಿಸಲು ಹೋದ. ಕೊನೆಗೆ ಒಂದು ಪಂಪು, ಒಂದು ದೊಡ್ಡ ಡ್ರಮ್ಮು ಕೊಂಡು, ಹೊಲಗಳಿಗೆ ಕ್ರಿಮಿನಾಶಕ ಸಿಂಪಡಿಸುವ ಕೆಲಸ ಹಿಡಿದ. ನಮ್ಮ ಕಡೆ ಎಣ್ಣೆ ಹೊಡೆಯುವುದು ಅಂತೀವಲ್ಲ, ಅದು. ಯಾಕೆ ಹಿಡಿದ? ಮಗಳು ಕೂಸನ್ನೆತ್ತಿಕೊಂಡು ತವರಿಗೆ ಬಂದು ಕುಳಿತಿದ್ದಳು. ಮೊಮ್ಮಗಳು ಸ್ಫೂರ್ತಿ ಆಗಿನ್ನೂ ಅಂಗನವಾಡಿಗೆ ಹೋಗುವ ಕೂಸು. ಅದನ್ನು ಒಳ್ಳೆಯ ಶಾಲೆಗೆ ಹಾಕಬೇಕು ಎಂಬ ಆಸೆ. ಇದು ತಪ್ಪೇ? ತಪ್ಪೆಂದು ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ತಪ್ಪು ಎಲ್ಲಿ ಹೊಕ್ಕಿತು ನೋಡಿ. ಕೊನೆಯ ನಲ್ಲಿಗೆ ನಡೆದು ಹೋಗಿ ಕಾಯುವಷ್ಟು ಹೊತ್ತು ಅವನಿಗೆ ದಂಡ ಎನ್ನಿಸಿತು. ಕೊನೆಯ ನಲ್ಲಿ ಇದ್ದದ್ದು ಅಂಗನವಾಡಿಯ ಬಾಗಿಲಲ್ಲಿ. ಅಲ್ಲಿ ಅಡುಗೆ ಮಾಡುವ ಬಾಳವ್ವ ಎಂಬಾಕೆಗೆ ಹೇಳಿದ, 'ಅಕ್ಕಾ, ನಿನ್ನ ನಳಕ್ಕ ನೀರ ಬಂದ ಕೂಡಲೇ ನನಗೊಂದು ಮಿಸ್ಡ್‌ ಕಾಲ್ ಕೊಡು. ನಾ ಎಲ್ಲೇ ಇರ್ಲಿ, ತಿಳ್ಕೋತೀನಿ.'

'ಮತ್ತ ನೀ ಕುಡಿಯೂದು?'

'ಅಪ್ಪನ ಕಾಲ ಹೋತಕ್ಕಾ.'

ಬಾಳವ್ವ ಅದನ್ನು ಕೇಳಿಸಿಕೊಂಡಳು. ಅವತ್ತಿನಿಂದ ಅವಳು ರಿಂಗು ಕೊಟ್ಟು, ಫೋನು ಕಿಟಕಿಯಲ್ಲಿಟ್ಟು, ನೀರು ತುಂಬಲು ಹೋಗುತ್ತಿದ್ದಳು. ಇವನು ಎಲ್ಲೋ ಹೊಲದ ಬದುವಿನ ಮೇಲೆ ನಿಂತು ಆ ರಿಂಗು ಕೇಳಿ, ಊರಿಗೆ ನೀರು ಮುಟ್ಟಿತು ಎಂದು ತಿಳಿದುಕೊಳ್ಳುತ್ತಿದ್ದ. ಎಷ್ಟು ಸಲೀಸು! ಜಾಣತನ ಅಂದರೆ ಇದೇ ಅಂತ ನೀವೂ ಅನ್ನುತ್ತೀರಿ, ನನಗೆ ಗೊತ್ತು.

ಇನ್ನೊಂದು ಸಲೀಸು ಕೇಳಿ. ಎಣ್ಣೆ ಹೊಡೆಯಲು ಡ್ರಮ್ಮು ತುಂಬ ನೀರು ಬೇಕಲ್ಲ. ಹಳ್ಳಕ್ಕೆ ಹೋಗಿ ತುಂಬಿಕೊಂಡು ಬರುವುದು ಯಾರು? ಪಂಪ್‌ಹೌಸಿನ ಕೊಳವೆಗೇ ಒಂದು ರಬ್ಬರ್ ಪೈಪು ಸಿಕ್ಕಿಸಿದ. ಊರಿಗೆ ನೀರು ಹೋಗುತ್ತಿರುವಾಗಲೇ ಡ್ರಮ್ಮೂ ತುಂಬುತ್ತಿತ್ತು. ಮೊದಲು ಡ್ರಮ್ಮಿಗೆ ವಿಷ ಸುರಿಯುತ್ತಿದ್ದ, ಆಮೇಲೆ ಪೈಪಿನ ತುದಿಯನ್ನು ತಳದವರೆಗೆ ಇಳಿಬಿಡುತ್ತಿದ್ದ. ನೀರು ಬಿದ್ದ ರಭಸಕ್ಕೆ ತಾನೇ ಕಲಸಿಕೊಳ್ಳುತ್ತದೆ, ಕೋಲು ಹಾಕಿ ತಿರುವುವ ಕೆಲಸ ಉಳಿಯಿತು. ಅರ್ಥವಾಯಿತಾ? ಊರು ಕುಡಿಯುವ ಕೊಳವೆಯ ಒಂದು ತುದಿ ವಿಷದ ಡ್ರಮ್ಮಿನಲ್ಲಿ ಮುಳುಗಿತ್ತು. ದಿನಾ ಮುಳುಗುತ್ತಿತ್ತು. ದಿನಾ ಏನೂ ಆಗುತ್ತಿರಲಿಲ್ಲ. ಏನೂ ಆಗದ ದಿನಗಳನ್ನು ನಂಬಬೇಡಿ. ಏನೂ ಆಗದ ದಿನಗಳಷ್ಟು ಮನುಷ್ಯನನ್ನು ಕೆಡಿಸುವುದು ಇನ್ನೊಂದಿಲ್ಲ.

ಒಂದು ಬೆಳಗ್ಗೆ ಹಾಗೇ ಮೋಟಾರು ಹಚ್ಚಿದ, ವಾಲ್ವ್ ತಿರುವಿದ, ಡ್ರಮ್ಮಿಗೆ ವಿಷ ಸುರಿದು ಪೈಪು ಇಳಿಬಿಟ್ಟ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಿಂದ ಫೋನು, 'ಪಾರ್ಸೆಲ್ ಬಂದೈತಿ, ಲಗೂನ ಬಾ.' ಬೈಕು ಹತ್ತಿದ, ಹೋದ.

ಅವನು ಹೋದ ಮೇಲೆ ಕರೆಂಟು ಹೋಯಿತು. ಮೋಟಾರು ನಿಂತಿತು. ಕೆಳಗೆ ಓಣಿಗಳಲ್ಲಿ ನಲ್ಲಿಗಳೆಲ್ಲ ತೆರೆದೇ ಇದ್ದವು. ಕೊಳವೆಯಲ್ಲಿದ್ದ ನೀರು ಇಳಿಜಾರಿಗೆ ಇಳಿಯಿತು. ಇಳಿಯುವಾಗ ಹಿಂದಿನದನ್ನು ಎಳೆಯಿತು. ನೀವು ಎಳನೀರಿಗೆ ಸ್ಟ್ರಾ ಹಾಕಿ ಎಳೆಯುತ್ತೀರಲ್ಲ, ಹಾಗೆ ಡ್ರಮ್ಮಿನ ತಳದಲ್ಲಿದ್ದದ್ದನ್ನೆಲ್ಲ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಮೋಟಾರು ತಾನೇ ತಿರುಗಿತು. ಒಳಗೆ ಹೋದದ್ದನ್ನು ಊರಿನ ಕಡೆ ನೂಕಿತು. ಪಂಪ್‌ಹೌಸಿನಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ.

ನೀರುಗಂಟಿ ತಿರುಗಿ ಬಂದ. ಡ್ರಮ್ಮಿನೊಳಗೆ ಬಗ್ಗಿ ನೋಡಿದ. ಹಾಲಿನ ಹಾಗೆ ಬೆಳ್ಳಗೆ ಇರಬೇಕಿತ್ತು. ತಿಳಿನೀರು ತುಂಬಿತ್ತು. ತನ್ನ ಮುಖ ಅದರಲ್ಲಿ ಕಂಡಿತು.

ಬೇರೆ ಯಾರಾದರೂ ಆಗಿದ್ದರೆ ತಿಳಿಯುತ್ತಿರಲಿಲ್ಲ. ಅವನು ನೀರುಗಂಟಿ. ಕೊಳವೆಯ ಗುಣ ಬಲ್ಲವನು. ಡ್ರಮ್ಮು ನೋಡಿದ, ಪೈಪು ನೋಡಿದ, ಗುಡ್ಡದ ಕೆಳಗಿನ ಊರು ನೋಡಿದ. ವಾಲ್ವ್ ಹಿಡಿದು ಗರಗರ ತಿರುವಿ ಬಂದ್ ಮಾಡಿದ. ಆಗ ಜೇಬಿನಲ್ಲಿ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು.

ಬಾಳವ್ವ. ಕೊನೆಯ ನಲ್ಲಿಗೆ ನೀರು ಬಂದಿತ್ತು.

ತಿರುಗಿ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಹೇಗೆ ಎತ್ತುತ್ತಾಳೆ? ಫೋನು ಕಿಟಕಿಯಲ್ಲಿ, ಅವಳು ನಲ್ಲಿಯ ಹತ್ತಿರ, ಒಳಗೆ ಮಕ್ಕಳು ಲೋಟ ಹಿಡಿದು ಸಾಲಾಗಿ. ಆ ಸಾಲಿನಲ್ಲಿ ಸ್ಫೂರ್ತಿ. ಆ ಏರ್ಪಾಡು ಮಾಡಿದವನು ಯಾರು? ಅವನೇ.

ಈಗ ನಾನು ಕೇಳುವುದನ್ನು ಕಿವಿಯಿಟ್ಟು ಕೇಳಿ. ಪಂಚಾಯಿತಿಯ ಮಾಳಿಗೆಯ ಮೇಲೆ ಒಂದು ಮೈಕು ಇತ್ತು. ನೀರು ಯಾವಾಗ ಬರುತ್ತದೆಂದು ಅವನೇ ಅದರಲ್ಲಿ ಕೂಗುತ್ತಿದ್ದ. ಕೀಲಿ ಅವನ ಸೊಂಟದಲ್ಲೇ ಇತ್ತು. ದಾರಿಯಲ್ಲೇ ಪಂಚಾಯಿತಿ. ಬೈಕು ನಿಲ್ಲಿಸಿ, 'ನೀರು ಕುಡಿಯಬೇಡಿ' ಎಂದು ಒಂದು ಸಲ ಕೂಗಿದ್ದರೆ ಇಡೀ ಊರು ಕೇಳುತ್ತಿತ್ತು. ಯಾಕೆ ಕೂಗಲಿಲ್ಲ? ಕೂಗಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ಊರವರು ಬಡಿಯುತ್ತಾರೆ. ಮೊದಲು ಅಂಗನವಾಡಿಗೆ ಮುಟ್ಟೋಣ, ಸದ್ದಿಲ್ಲದೆ ಕೊಡ ಚೆಲ್ಲೋಣ, ಆಮೇಲೆ ನೋಡೋಣ ಎಂದುಕೊಂಡ. ಪಂಚಾಯಿತಿಯ ಮುಂದೆ ಬೈಕು ನಿಲ್ಲಲಿಲ್ಲ.

ನಡುವಿನ ಓಣಿಯಲ್ಲಿ ಕಾಶವ್ವ ರೊಟ್ಟಿ ಬಡಿದು ಮಾರುವವಳು. ಒಲೆಯ ಮುಂದೆ ಬೆವತು ಬಂದು ನಲ್ಲಿಯ ಹತ್ತಿರ ಚೊಂಬು ಹಿಡಿದು ನಿಂತಿದ್ದಳು. ಇವನನ್ನು ಕಂಡು ನಗಾಡುತ್ತ ಅಡ್ಡ ಬಂದಳು. 'ಏನೋ ಸಾಹೇಬಾ, ಇವತ್ತ ನೀರ ಬೆಳ್ಳಗ ಬಂದಾವಲ್ಲ! ಘಾಟನೂ ಹೊಡ್ಯಾಕತ್ತೈತಿ. ಬ್ಲೀಚಿಂಗ್ ಪೌಡರ್ ಕೈ ಬಿಚ್ಚಿ ಹಾಕೀಯೇನು?'

ಅವನ ಕುತ್ತಿಗೆ ಅಲ್ಲಾಡಿತು. ಹೌದು ಅನ್ನುವ ಹಾಗೆ ಒಂದು ಸಲ ಅಲ್ಲಾಡಿತು.

'ಅಂತೂ ಒಂದಿನಾರ ನೆಟ್ಟಗ ಕೆಲಸ ಮಾಡಿದಿ ಬಿಡು,' ಅಂದಳು ಕಾಶವ್ವ. ಬೈಕು ಮುಂದೆ ಹೋಯಿತು.

ಅಂಗನವಾಡಿಯ ಬಾಗಿಲಿಗೆ ಬಂದಾಗ ಮಕ್ಕಳು ಚೀರುತ್ತಿದ್ದವು. ಕೊಡ ಅಂಗಳದಲ್ಲಿ ಉರುಳಿ ಬಿದ್ದಿತ್ತು. ಬಾಳವ್ವ ಕಟ್ಟೆಗೆ ಒರಗಿ ಕುಳಿತು ವಾಂತಿ ಮಾಡುತ್ತಿದ್ದಳು, ಬಾಯಲ್ಲಿ ನೊರೆ. ಸ್ಫೂರ್ತಿ ಓಡಿ ಬಂದು ಅವನ ಕಾಲು ತಬ್ಬಿಕೊಂಡಿತು. ಕೈಯಲ್ಲಿ ಲೋಟ ಒಣಗಿತ್ತು.

'ಅಜ್ಜಾ, ಬಾಳವ್ವ ಆಯಿ ನಮಗ ನೀರ ಕೊಡವಲ್ಲಳು. ತಾ ಒಬ್ಬಾಕೆನ ಕುಡದು, ಕೊಡಾ ಒದ್ದಳು.'

ತಿಳಿಯಿತಾ ನಿಮಗೆ? ಅಪ್ಪ ಬಿಟ್ಟುಹೋದ ಪದ್ಧತಿಯನ್ನು ಮಗ ಕೈಬಿಟ್ಟ. ಆ ಅಡುಗೆಯವಳು ಯಾರಿಗೂ ಹೇಳದೆ ಎತ್ತಿಕೊಂಡಿದ್ದಳು. ದಿನಾ ಮೊದಲ ಬೊಗಸೆ ತಾನು ಕುಡಿದು ಆಮೇಲೆ ಮಕ್ಕಳಿಗೆ ಕೊಡುತ್ತಿದ್ದಳು. ಅವತ್ತು ಒಂದು ಗುಟುಕು ಗಂಟಲಿಗಿಳಿದಾಗ ಉರಿ ಹತ್ತಿತು. ಉಗುಳಿದಳು, ಕೊಡ ಒದ್ದಳು, ಕುಸಿದು ಕುಳಿತಳು. ಅವಳ ಗಂಟಲಿನಿಂದ ಮಕ್ಕಳು ಉಳಿದವು. ಅದು ಯಾರ ಗಂಟಲು ಆಗಬೇಕಿತ್ತು, ನೀವೇ ಹೇಳಿ.

ಆಗ ಅವನು ಪಂಚಾಯಿತಿಗೆ ಓಡಿದ. ಆಗ ಮೈಕು ಹಿಡಿದ. 'ನೀರ ಕುಡೀಬ್ಯಾಡ್ರೀ! ನನ್ನ ಕೈಯಿಂದ ವಿಷ ಬೆರತೈತಿ! ಯಾರೂ ಕುಡೀಬ್ಯಾಡ್ರೀ!' ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಊರೆಲ್ಲ ಕೇಳಿತು. ಕೊಡಗಳು ಬೋರಲಾದವು. ಎಲ್ಲರೂ ಕೇಳಿದರು, ಕಾಶವ್ವ ಒಬ್ಬಳು ಕೇಳಲಿಲ್ಲ. ಅವನು ತಲೆಯಾಡಿಸಿ ಹೋದ ಮೇಲೆ ಬಾಯಾರಿದ್ದವಳು ಚೊಂಬು ಎತ್ತಿ ಗಟಗಟ ಕುಡಿದಿದ್ದಳು. ದವಾಖಾನೆಯ ದಾರಿಯಲ್ಲಿ ಗಾಡಿಯಲ್ಲೇ ಪ್ರಾಣ ಬಿಟ್ಟಳು.

ಬಾಳವ್ವ ಉಳಿದಳೇ ಎಂದು ಕೇಳಬೇಕು ಅನ್ನಿಸುತ್ತಿದೆ, ಅಲ್ಲವೇ? ಉಳಿದಳು. ಅದನ್ನು ಕೇಳಿ ಈಗ ಉಸಿರು ಬಿಟ್ಟಿರಿ, ಇಲ್ಲಿಗೇ ಕೇಳಿಸಿತು. ಬಿಡಬೇಡಿ, ಇನ್ನೂ ಇದೆ. ನೀರುಗಂಟಿಯನ್ನು ಪೊಲೀಸರು ಒಯ್ದರು, ಶಿಕ್ಷೆಯಾಯಿತು, ಮುಗಿಸಿಕೊಂಡು ಬಂದ. ಅವನಲ್ಲಿ ಒಂದು ಬದಲಾವಣೆ ಆಗಿತ್ತು. ಅವನು ತಲೆ ಆಡಿಸುವುದನ್ನು ಬಿಟ್ಟುಬಿಟ್ಟಿದ್ದ. ಊಟ ಆಯಿತಾ ಎಂದು ಮೊಮ್ಮಗಳು ಕೇಳಿದರೂ ಕುತ್ತಿಗೆ ಬಿಗಿ ಹಿಡಿದು ನಿಂತು, ಬಾಯಿಬಿಟ್ಟು 'ಆತವ್ವಾ' ಅನ್ನುತ್ತಿದ್ದ. ಯಾರೋ ಒಮ್ಮೆ ಕೇಳಿದ್ದಕ್ಕೆ ಹೇಳಿದನಂತೆ, 'ಡ್ರಮ್ಮಿಂದು ತಪ್ಪಾತು ಅಂತ ದೇವರ ಮುಂದ ಹೇಳ್ಕೋಬಹುದ್ರೀ. ಕಾಶವ್ವಗ ತೆಲಿ ಆಡಿಸಿದ್ದಕ್ಕ ಏನಂತ ಹೇಳ್ಲಿ?'

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ನೋಡಿ, ಇನ್ನೊಂದು ಕೆಲಸ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮಾಡಿ. ಮಕ್ಕಳನ್ನು ಓದಿಸಿ, ಮನೆ ಕಟ್ಟಿ. ಹೊಟ್ಟೆಗೆ ದುಡಿಯುವವನ ಕೈ ಹಿಡಿದು ನಿಲ್ಲಿಸಿದರೆ ನಾನು ಹಾಕಿದ ಕಾವಿಗೆ ಬೆಲೆಯಿಲ್ಲ. ನಾನು ಹೆದರುವುದು ಬೇರೆಯದಕ್ಕೆ. ಎರಡನೆಯ ಕೆಲಸದ ಪೈಪನ್ನು ಮೊದಲನೆಯ ಕೆಲಸದ ಕೊಳವೆಗೆ ಸಿಕ್ಕಿಸಿದ್ದೀರಲ್ಲ, ಅದಕ್ಕೆ. ರಾತ್ರಿಯಿಡೀ ಬಾಡಿಗೆ ಹೊಡೆದು ಬೆಳಗ್ಗೆ ಶಾಲೆಯ ವ್ಯಾನಿನ ಸ್ಟೇರಿಂಗು ಹಿಡಿಯುವವನೇ, ನಿನ್ನ ಹಿಂದೆ ಕುಳಿತಿರುವ ಮಕ್ಕಳು ಯಾರವು? ಮಗ್ಗಿ ಹೇಳಲು ಮಕ್ಕಳನ್ನು ಬಿಟ್ಟು ಮೂಲೆಯಲ್ಲಿ ವಿಮೆ ಮಾತಾಡುವ ಮಾಸ್ತರೇ, ಆ ಮಗ್ಗಿ ತಪ್ಪಿದರೆ ತಿದ್ದುವವರು ಯಾರು? ಬೆಳಗ್ಗೆ ಬಂದು ವಿಭೂತಿ ಒಯ್ದ ನನ್ನಪ್ಪಾ, ಸೀರೆಯ ಬಣ್ಣ ನೋಡುತ್ತ ನೀನು ಕೊಟ್ಟ ಗುಳಿಗೆ ಯಾವ ಮುದುಕಿಯ ಬಾಯಿಗೆ ಹೋಯಿತು? ಏನೂ ಆಗಿಲ್ಲ ಅನ್ನುತ್ತೀಯ. ಡ್ರಮ್ಮಿನವನಿಗೂ ಬಹಳ ದಿನ ಏನೂ ಆಗಿರಲಿಲ್ಲ.

ನಾಳೆ ಬೆಳಗ್ಗೆ ಎದ್ದು ಮೊದಲು ಇದನ್ನು ಯೋಚಿಸಿ: ನನ್ನ ಕೆಲಸದ ಕೊನೆಯ ನಲ್ಲಿ ಎಲ್ಲಿದೆ? ಅಲ್ಲಿ ಲೋಟ ಹಿಡಿದು ನಿಂತವರು ಯಾರು? ಅಲ್ಲಿಯವರೆಗೆ ಕಾಲಾರ ನಡೆದು ಹೋಗಿ. ನೀವು ಕೊಡುವುದನ್ನು ಮೊದಲು ನೀವು ಬಾಯಿಗಿಡಿ. ಅದು ಮುಗಿದ ಮೇಲೆ ಉಳಿದದ್ದಕ್ಕೆ ಬಿಡುವು ಎಂದು ಹೆಸರು, ಅದರಲ್ಲಿ ಎಷ್ಟು ಬೇಕಾದರೂ ದುಡಿಯಿರಿ. ಒಂದು ಕೈಯಲ್ಲಿ ಎರಡೂ ಹಿಡಿಯಬೇಡಿ. ಅಷ್ಟಾದರೂ ತಪ್ಪಾದರೆ, ಮನುಷ್ಯರು, ಆಗುತ್ತದೆ, ಆ ಕ್ಷಣವೇ ಕೂಗಿ. ಕೆಲಸ ಹೋಗಲಿ, ಮಾನ ಹೋಗಲಿ, ಕೂಗಿ. ನಿಮ್ಮ ಕೂಸಿನ ಕಡೆ ಓಡುವಾಗ ದಾರಿಯಲ್ಲಿರುವ ಕಾಶವ್ವನಿಗೂ ಹೇಳಿ ಓಡಿ.

ಈಗ ಪ್ರಸಾದಕ್ಕೆ ಏಳುತ್ತೀರಿ. ಎಲೆಯ ಪಕ್ಕದಲ್ಲಿ ಲೋಟ ಇರುತ್ತದೆ, ಲೋಟದಲ್ಲಿ ನೀರು ಇರುತ್ತದೆ. ಈ ಕಥೆ ಕೇಳಿದ ಮೇಲೆ ಲೋಟ ಎತ್ತುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ, ನಿಲ್ಲಲಿ. ದಾಸೋಹದ ಹಂಡೆಯ ಮೊದಲ ಬೊಗಸೆ ನಾನು ಕುಡಿದೇ ಈ ಪೀಠಕ್ಕೆ ಬಂದು ಕುಳಿತಿದ್ದೇನೆ, ನೀವು ಹೆದರದೆ ಕುಡಿಯಿರಿ. ನಾಳೆ ನಿಮ್ಮ ಕೈಯಿಂದ ಬರುವುದನ್ನು ನಾನು ಹೆದರದೆ ಕುಡಿಯಬಹುದೇ? ತಲೆ ಆಡಿಸಬೇಡಿ. ಬಾಯಿಬಿಟ್ಟು ಹೇಳಿ.